ಪ್ರಾಯೋಜಿತ ಕುಶಲ ವಲಸೆ: ಆಸ್ಟ್ರೇಲಿಯದ ಪ್ರಾದೇಶಿಕ ಉದ್ಯೋಗಗಳ ಪರಿಚಯ

ವಿದೇಶದಲ್ಲಿ ದುಡಿಮೆಯೆಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಬರುವುದು ಕೊಲ್ಲಿ ರಾಷ್ಟ್ರಗಳು. ಈಚಿನ ವರ್ಷಗಳಲ್ಲಿ ಅದರೊಡನೆ ಇನ್ನೊಂದು ಮಾರ್ಗದ ಮಾತೂ ಕೇಳಿಬರುತ್ತಿದೆ. ಆಸ್ಟ್ರೇಲಿಯದ ಮಹಾನಗರಗಳಿಂದ ದೂರವಿರುವ ಊರುಗಳಲ್ಲಿ ಅಡುಗೆಯವರು, ಮೋಟಾರು ಮೆಕ್ಯಾನಿಕರು, ವೆಲ್ಡರುಗಳು, ದಾದಿಯರು ಮೊದಲಾದ ಕುಶಲ ಕರ್ಮಿಗಳು ಸಾಕಷ್ಟು ಸಂಖ್ಯೆಯಲ್ಲಿ ದೊರೆಯದಿರುವುದರಿಂದ, ಅಲ್ಲಿಯ ಉದ್ಯೋಗದಾತರು ಹೊರದೇಶದವರನ್ನು ಪ್ರಾಯೋಜಿಸಿ ಕರೆಸಿಕೊಳ್ಳಲು ಆ ದೇಶದ ಕಾನೂನು ಅವಕಾಶವಿತ್ತಿದೆ. ಮುಂಬಯಿ, ಪುಣೆಗಳ ಉಡುಪಿ ಹೋಟೆಲುಗಳ ಅಡುಗೆಮನೆಗಳಲ್ಲಿಯೂ, ಚೆನ್ನೈ, ಹೈದರಾಬಾದುಗಳ ಕಾರ್ಯಾಗಾರಗಳಲ್ಲಿಯೂ, ದೆಹಲಿಯ ಆಸ್ಪತ್ರೆಗಳಲ್ಲಿಯೂ ದುಡಿಯುತ್ತಿರುವ ಕನ್ನಡಿಗರಿಗೆ ಈ ವಿಷಯ ಅಷ್ಟೇನೂ ದೂರದ್ದಲ್ಲ.

ಇಂತಹ ಉದ್ಯೋಗದ ಪ್ರಸ್ತಾಪ ಬಂದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಸ್ಪಾನ್ಸರ್‌ಗೆ ಎಷ್ಟು ಕೊಡಬೇಕಂತೆ?" ಎಂಬುದು. ಏನನ್ನೂ ಕೊಡತಕ್ಕದ್ದಲ್ಲ ಎಂಬುದೇ ಇದಕ್ಕೆ ಆಸ್ಟ್ರೇಲಿಯದ ಕಾನೂನು ನೀಡುವ ಉತ್ತರ. ಪ್ರಾಯೋಜಕತ್ವಕ್ಕೆ ಬೆಲೆ ಕೇಳಿ ಪಡೆಯುವುದು ಅಲ್ಲಿ ಅಪರಾಧ. ಬೆಲೆ ಕೊಟ್ಟವನು ದಂಡಕ್ಕೂ ವೀಸಾ ರದ್ದತಿಗೂ ಗುರಿಯಾಗಬಹುದು. ಹೊಲ ಅಡವಿಟ್ಟು, ಮನೆಯ ಬಂಗಾರ ಮಾರಿ ಹಣ ಹೊಂದಿಸುವ ಮುನ್ನ ಈ ಒಂದು ಸಂಗತಿ ತಿಳಿದಿದ್ದರೆ ಎಷ್ಟೋ ಕುಟುಂಬಗಳಿಗೆ ಅನುಕೂಲವಾದೀತು. ಆದರೆ ಇದು ಏಕೆ ಹೀಗೆ ಎಂಬುದು ಮನವರಿಕೆಯಾಗಬೇಕಾದರೆ ಇಡೀ ವ್ಯವಸ್ಥೆಯ ರಚನೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯ.

ಕೊರತೆಯ ಹಿನ್ನೆಲೆ

ಆಸ್ಟ್ರೇಲಿಯವು ವಿಸ್ತೀರ್ಣದಲ್ಲಿ ಭಾರತದ ಎರಡು ಪಟ್ಟಿಗಿಂತಲೂ ದೊಡ್ಡದು. ಅದರ ಜನಸಂಖ್ಯೆಯಾದರೋ ಸುಮಾರು 2.7 ಕೋಟಿ, 2011ರ ಜನಗಣತಿಯಲ್ಲಿ ಕಂಡುಬಂದ ಕರ್ನಾಟಕದ 6.1 ಕೋಟಿ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆ. ಅದರಲ್ಲಿಯೂ ಸುಮಾರು ಅರ್ಧದಷ್ಟು ಜನ ಸಿಡ್ನಿ, ಮೆಲ್ಬರ್ನ್ ಮತ್ತು ಬ್ರಿಸ್ಬೇನ್ ಎಂಬ ಮೂರೇ ನಗರಗಳಲ್ಲಿ ನೆಲೆಸಿದ್ದಾರೆ. ಉಳಿದವರು ಒಂದು ಭೂಖಂಡದಗಲಕ್ಕೆ ಹರಡಿಕೊಂಡಿದ್ದಾರೆ. ಗೋದಿ, ಉಣ್ಣೆ, ಹಾಲು, ಮಾಂಸ, ಕಬ್ಬಿಣದ ಅದಿರು, ಚಿನ್ನ ಮುಂತಾಗಿ ದೇಶದ ರಫ್ತಿನ ಬಹುಪಾಲು ಹುಟ್ಟುವುದು ಈ ವಿರಳ ಜನವಸತಿಯ ಪ್ರದೇಶಗಳಲ್ಲಿಯೇ. ಅಲ್ಲಿಯ ಯುವಕರು ಓದಿಗೆಂದು ನಗರಕ್ಕೆ ಹೋಗುತ್ತಾರೆ. ಹೋದವರಲ್ಲಿ ಅನೇಕರು ಹಿಂದಿರುಗುವುದಿಲ್ಲ. ಊರಿನಲ್ಲಿ ಉಳಿದವರಿಗೆ ವಯಸ್ಸಾಗುತ್ತದೆ. ಹೀಗೆ ಆಸ್ಪತ್ರೆಗೂ ವೃದ್ಧಾಶ್ರಮಕ್ಕೂ ಕೆಲಸ ಹೆಚ್ಚುತ್ತ ಹೋಗುವ ಕಾಲದಲ್ಲಿಯೇ ಕೆಲಸದವರು ಕಡಿಮೆಯಾಗುತ್ತ ಹೋಗುತ್ತಾರೆ. ಊರಿಗೆ ಇದ್ದೊಬ್ಬ ಡೀಸೆಲ್ ಮೆಕ್ಯಾನಿಕ್ ನಿವೃತ್ತನಾದನೆಂದರೆ ಟ್ರ್ಯಾಕ್ಟರ್ ಕೆಟ್ಟು ನಿಂತ ರೈತನು ಮುಂದಿನ ಪಟ್ಟಣದ ದಾರಿ ನೋಡಬೇಕಾಗುತ್ತದೆ.

ಕೊರತೆಯೆಂಬ ಮಾತನ್ನು ಎಲ್ಲರೂ ಒಂದೇ ಅರ್ಥದಲ್ಲಿ ಒಪ್ಪುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಎಷ್ಟೋ ಕಡೆ ಕೊರತೆಯಿರುವುದು ಜನರಿಗಲ್ಲ, ತಕ್ಕ ಸಂಬಳಕ್ಕೆ ಎಂದು ಅಲ್ಲಿಯ ಕಾರ್ಮಿಕ ಸಂಘಗಳು ವಾದಿಸುತ್ತ ಬಂದಿವೆ. ಬಾಡಿಗೆಗೆ ಮನೆ ಸಿಗದೆ ಕೆಲಸಗಾರರು ಬರಲಾರದ ಊರುಗಳೂ ಉಂಟು. ಈ ವಾದದಲ್ಲಿ ಹುರುಳಿದೆ. ಹೊರಗಿನಿಂದ ಬರುವವನು ಕಡಿಮೆ ಸಂಬಳಕ್ಕೆ ದುಡಿದರೆ ಸ್ಥಳೀಯನಿಗೂ ನಷ್ಟ, ಬಂದವನಿಗೂ ನಷ್ಟ. ಪ್ರಾಯೋಜಿತ ವಲಸೆಯ ನಿಯಮಗಳಲ್ಲಿ ವೇತನದ ಪ್ರಶ್ನೆಗೆ ಇಷ್ಟು ಮಹತ್ವ ದೊರೆತಿರುವುದು ಈ ಕಾರಣದಿಂದಲೇ.

ಹೊರಗಿನವರನ್ನು ಕರೆಸಿ ಕೊರತೆ ತುಂಬುವ ಕ್ರಮ ಆ ದೇಶಕ್ಕೆ ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧದ ತರುವಾಯ, 1947ರಿಂದ ಮೊದಲುಗೊಂಡು ಯುರೋಪಿನ ನಿರಾಶ್ರಿತರಲ್ಲಿ ಸುಮಾರು 1.7 ಲಕ್ಷ ಮಂದಿಯನ್ನು ಆಸ್ಟ್ರೇಲಿಯ ಬರಮಾಡಿಕೊಂಡಿತು. ಸರ್ಕಾರ ಹೇಳಿದ ಸ್ಥಳದಲ್ಲಿ, ಹೇಳಿದ ಕೆಲಸದಲ್ಲಿ ಎರಡು ವರ್ಷ ದುಡಿಯುವ ಕರಾರಿಗೆ ಅವರು ಬದ್ಧರಾಗಬೇಕಾಗಿತ್ತು. 1949ರಲ್ಲಿ ಆರಂಭವಾಗಿ 1974ರಲ್ಲಿ ಮುಗಿದ ಸ್ನೋಯಿ ಪರ್ವತ ಜಲವಿದ್ಯುತ್ ಯೋಜನೆಯಲ್ಲಿ ಮೂವತ್ತಕ್ಕೂ ಹೆಚ್ಚು ದೇಶಗಳಿಂದ ಬಂದವರು ಸೇರಿದಂತೆ 1 ಲಕ್ಷಕ್ಕಿಂತ ಹೆಚ್ಚು ಜನ ದುಡಿದರು. ಬಿಳಿಯರಿಗೆ ಮಾತ್ರ ಮಣೆ ಹಾಕುವ ನೀತಿ ಜಾರಿಯಲ್ಲಿದ್ದ ಆ ದಿನಗಳಲ್ಲಿ ಭಾರತೀಯರಿಗೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಆ ನೀತಿಯ ಕೊನೆಯ ಅವಶೇಷಗಳನ್ನು 1973ರಲ್ಲಿ ತೆಗೆದುಹಾಕಲಾಯಿತು.

1990ರ ದಶಕದ ಮಧ್ಯಭಾಗದಲ್ಲಿ ಪ್ರಾದೇಶಿಕ ಉದ್ಯೋಗದಾತರಿಗೆಂದೇ ಒಂದು ಪ್ರಾಯೋಜಿತ ವಲಸೆ ಯೋಜನೆ ಜಾರಿಗೆ ಬಂದಿತು. ಎರಡು ವರ್ಷ ಅದೇ ಉದ್ಯೋಗದಲ್ಲಿರುವ ನಿರೀಕ್ಷೆಯ ಮೇಲೆ ಕರ್ಮಿಗೆ ಮೊದಲಿಗೇ ಕಾಯಂ ವಾಸದ ಹಕ್ಕು ದೊರೆಯುತ್ತಿತ್ತು. ಹಕ್ಕು ಕೈಸೇರಿದ ಮೇಲೆ ಊರು ಬಿಟ್ಟು ನಗರಕ್ಕೆ ತೆರಳುವವರನ್ನು ತಡೆಯುವುದು ಕಷ್ಟವಾಯಿತು. ಆದುದರಿಂದ 2019ರ ನವೆಂಬರ್ 16ರಿಂದ ಕ್ರಮವನ್ನು ತಿರುಗಿಸಲಾಯಿತು. ಮೊದಲು ತಾತ್ಕಾಲಿಕ ವೀಸಾ. ನಿಗದಿತ ಪ್ರದೇಶದಲ್ಲಿ ವರ್ಷಗಳನ್ನು ಕಳೆದ ನಂತರವೇ ಕಾಯಂ ವಾಸದ ಅರ್ಜಿ. ಇಂದು 494 ಎಂಬ ಸಂಖ್ಯೆಯಿಂದ ಕರೆಯಲ್ಪಡುವ ಪ್ರಾದೇಶಿಕ ಉದ್ಯೋಗದಾತ ಪ್ರಾಯೋಜಿತ ವೀಸಾ ಹುಟ್ಟಿದ್ದು ಹೀಗೆ. ಇದರ ಜೊತೆಗೆ ರಾಜ್ಯ ಸರ್ಕಾರದ ನಾಮನಿರ್ದೇಶನದ ಮೇಲೆ, ಅಥವಾ ಅಲ್ಲಿ ನೆಲೆಸಿರುವ ಅರ್ಹ ಬಂಧುಗಳ ಪ್ರಾಯೋಜಕತ್ವದ ಮೇಲೆ ದೊರೆಯುವ 491 ಎಂಬ ವೀಸಾ ಕೂಡ ಇದೆ. ಅದಕ್ಕೆ ಅಂಕಗಳ ಲೆಕ್ಕವಿದೆ, ಉದ್ಯೋಗದಾತನ ಅಗತ್ಯವಿಲ್ಲ. 2024-25ನೇ ಸಾಲಿನ ಆಸ್ಟ್ರೇಲಿಯದ 1,85,000 ಕಾಯಂ ವಲಸೆ ಸ್ಥಾನಗಳಲ್ಲಿ 33,000 ಸ್ಥಾನಗಳನ್ನು ಪ್ರಾದೇಶಿಕ ವರ್ಗಕ್ಕೆ ಮೀಸಲಿಡಲಾಗಿತ್ತು. ಈ ಲೇಖನದ ಮುಖ್ಯ ವಿಷಯ ಉದ್ಯೋಗದಾತನ ಪ್ರಾಯೋಜಕತ್ವವೇ.

ಎರಡು ಪದಗಳು

ಪ್ರಾಯೋಜಕ ಎಂಬ ಪದವನ್ನು ನಾವು ದೂರದರ್ಶನದ ಕಾರ್ಯಕ್ರಮಗಳಿಂದಲೂ ಕ್ರಿಕೆಟ್ ಪಂದ್ಯಗಳಿಂದಲೂ ಬಲ್ಲೆವು. ಅಲ್ಲಿ ಪ್ರಾಯೋಜಕನೆಂದರೆ ಹಣ ಕೊಟ್ಟು ತನ್ನ ಹೆಸರನ್ನು ಮೆರೆಸುವವನು. ವಲಸೆಯ ಕಾನೂನಿನಲ್ಲಿ ಈ ಪದದ ಅರ್ಥ ಬೇರೆ. ಇಲ್ಲಿ ಅವನು ಸರ್ಕಾರದ ಮುಂದೆ ಹೊಣೆ ಹೊತ್ತವನು. ಅನುವಾದಕನ ಅಭಿಪ್ರಾಯ ಕೇಳುವುದಾದರೆ, ಹೊಣೆಗಾರ ಎಂಬ ಹಳೆಯ ಕನ್ನಡ ಶಬ್ದವೇ ಇದಕ್ಕೆ ಹೆಚ್ಚು ಒಪ್ಪುತ್ತದೆ. ಆದರೆ ರೂಢಿಗೆ ಬಂದ ಪದವನ್ನು ಬಿಡುವಂತಿಲ್ಲ. ಒಪ್ಪಿದ ಸಂಬಳ ಕೊಡುವುದು, ಒಪ್ಪಿದ ಕೆಲಸವನ್ನೇ ಕೊಡುವುದು, ದಾಖಲೆಗಳನ್ನು ಇಡುವುದು, ತಪಾಸಣಾಧಿಕಾರಿಗಳಿಗೆ ಸಹಕರಿಸುವುದು, ಕರ್ಮಿ ಕೆಲಸ ಬಿಟ್ಟರೆ 28 ದಿನಗಳೊಳಗೆ ಇಲಾಖೆಗೆ ತಿಳಿಸುವುದು ಇವೆಲ್ಲವೂ ಅವನ ಹೊಣೆ. ಕರ್ಮಿಗೆ ಅವನು ಮಾಡುತ್ತಿರುವುದು ಉಪಕಾರವೆಂಬ ಭಾವನೆ ನಮ್ಮವರಲ್ಲಿ ಸಹಜವಾಗಿ ಬರುತ್ತದೆ. ಉಪಕಾರಕ್ಕೆ ಪ್ರತ್ಯುಪಕಾರ ಮಾಡುವ ನಮ್ಮ ಸಂಸ್ಕಾರವನ್ನೇ ಕೆಲವರು ದುರುಪಯೋಗಪಡಿಸಿಕೊಳ್ಳುತ್ತಾರೆ.

ಎರಡನೆಯ ಪದ ಪ್ರಾದೇಶಿಕ. ಹೆಸರು ಕೇಳಿ ಮರುಭೂಮಿಯ ಅಂಚಿನ ಒಂಟಿ ಊರನ್ನೇ ಕಲ್ಪಿಸಿಕೊಳ್ಳಬೇಕಾಗಿಲ್ಲ. 2019ರ ವ್ಯಾಖ್ಯೆಯ ಪ್ರಕಾರ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ನಗರಪ್ರದೇಶಗಳನ್ನು ಬಿಟ್ಟು ಉಳಿದ ಇಡೀ ಆಸ್ಟ್ರೇಲಿಯ ಪ್ರಾದೇಶಿಕವೇ. ಇಪ್ಪತ್ತು ಲಕ್ಷಕ್ಕೂ ಮೀರಿ ಜನರಿರುವ ಪರ್ತ್, ಹತ್ತು ಲಕ್ಷ ದಾಟಿದ ಅಡಿಲೇಡ್, ರಾಜಧಾನಿ ಕ್ಯಾನ್‌ಬೆರಾ ಇವೂ ಆ ಪಟ್ಟಿಯಲ್ಲಿವೆ. ಅದೇ ಪಟ್ಟಿಯಲ್ಲಿ ಹೈನುಗಾರಿಕೆಯ ವಾರ್ನಂಬೂಲ್, ಚಿನ್ನದ ಗಣಿಗಳ ಕಾಲ್‌ಗೂರ್ಲಿ, ಉತ್ತರದ ಡಾರ್ವಿನ್ ಮುಂತಾದವೂ ಬರುತ್ತವೆ. ಹೀಗಾಗಿ ಪ್ರಾದೇಶಿಕ ಉದ್ಯೋಗವೆಂದು ಹೇಳಿದರೆ ಸಾಲದು. ಊರಿನ ಹೆಸರು, ಅಂಚೆ ಸಂಕೇತ ಸಂಖ್ಯೆ ಎರಡನ್ನೂ ಕೇಳಿ ಪಡೆದು ಭೂಪಟದಲ್ಲಿ ಹುಡುಕಬೇಕು. ಬೇಸಗೆಯಲ್ಲಿ ಅಲ್ಲಿಯ ತಾಪ ಎಷ್ಟು, ಸಮೀಪದ ಆಸ್ಪತ್ರೆ ಎಷ್ಟು ದೂರ, ಮಕ್ಕಳಿಗೆ ಶಾಲೆ ಇದೆಯೇ, ಸ್ವಂತ ವಾಹನವಿಲ್ಲದೆ ಕೆಲಸಕ್ಕೆ ಹೋಗಿಬರಬಹುದೇ ಎಂಬುದನ್ನು ವಿಚಾರಿಸಬೇಕು. ವೀಸಾದ ಷರತ್ತು ಕುಟುಂಬದವರಿಗೂ ಅನ್ವಯಿಸುತ್ತದೆ. ಪತಿ ಪ್ರಾದೇಶಿಕ ಊರಿನಲ್ಲಿ ದುಡಿದು ಪತ್ನಿ ಮೆಲ್ಬರ್ನಿನಲ್ಲಿ ಕೆಲಸ ಮಾಡುವುದು ಸಾಧ್ಯವಿಲ್ಲ. ವಾಸ, ಕೆಲಸ, ಓದು ಮೂರೂ ನಿಗದಿತ ಪ್ರದೇಶದೊಳಗೇ ಆಗತಕ್ಕದ್ದು.

ಮೂರು ಮಂಜೂರಾತಿಗಳು

"ವೀಸಾ ಆಗಿದೆ" ಎಂಬ ಮಾತು ಬಂದಾಗ ಏನು ಆಗಿದೆ ಎಂದು ಬಿಡಿಸಿ ಕೇಳಬೇಕು. ಮೂರು ಪ್ರತ್ಯೇಕ ಮಂಜೂರಾತಿಗಳಿವೆ. ಮೊದಲನೆಯದು ಉದ್ಯೋಗದಾತನಿಗೆ ಪ್ರಾಯೋಜಕನೆಂಬ ಮಾನ್ಯತೆ. ಎರಡನೆಯದು ನಿರ್ದಿಷ್ಟ ಹುದ್ದೆಗೆ ನಿರ್ದಿಷ್ಟ ವ್ಯಕ್ತಿಯ ನಾಮನಿರ್ದೇಶನ. ಮೂರನೆಯದು ಕರ್ಮಿಯ ವೀಸಾ. ಮೊದಲನೆಯದು ಆದ ಮಾತ್ರಕ್ಕೆ ಎರಡನೆಯದು ಆಗುವುದಿಲ್ಲ. ಎರಡನೆಯದು ಆದರೂ ಮೂರನೆಯದು ತಿರಸ್ಕೃತವಾಗಬಹುದು. ಮಧ್ಯವರ್ತಿಗಳು ಮೊದಲ ಮಂಜೂರಾತಿಯ ಪತ್ರವನ್ನು ತೋರಿಸಿ ಎಲ್ಲವೂ ಮುಗಿದಂತೆ ಹಣ ಕೇಳುವುದುಂಟು.

ನಾಮನಿರ್ದೇಶನದ ಹಂತದಲ್ಲಿ ನಡೆಯುವ ಪರೀಕ್ಷೆ ಮುಖ್ಯವಾದುದು. ಹುದ್ದೆ ಪೂರ್ಣಕಾಲಿಕವಾಗಿರಬೇಕು, ಮುಂದಿನ ಐದು ವರ್ಷಗಳವರೆಗೆ ಇರುವ ಸಂಭವವಿರಬೇಕು, ಪ್ರಕಟಿತ ಉದ್ಯೋಗಪಟ್ಟಿಯಲ್ಲಿ ಸೇರಿರಬೇಕು. ಸ್ಥಳೀಯರು ದೊರೆಯುತ್ತಾರೆಯೇ ಎಂದು ಮೊದಲು ಜಾಹೀರಾತು ನೀಡಿ ನೋಡಿರಬೇಕು. ಜೊತೆಗೆ ಆ ಪ್ರದೇಶದ ಪ್ರಮಾಣೀಕರಣ ಸಂಸ್ಥೆಯು ಸಂಬಳವು ಸ್ಥಳೀಯ ಮಾರುಕಟ್ಟೆಯ ದರಕ್ಕೆ ಸಮನಾಗಿದೆಯೇ ಎಂಬ ಬಗ್ಗೆ ಇಲಾಖೆಗೆ ತನ್ನ ಅಭಿಪ್ರಾಯ ನೀಡುತ್ತದೆ.

ಕರ್ಮಿಗೆ ಸಂಬಂಧಪಟ್ಟ ಅರ್ಹತೆಗಳು ಇಂತಿವೆ. ಅರ್ಜಿ ಸಲ್ಲಿಸುವಾಗ ವಯಸ್ಸು 45 ತುಂಬಿರಬಾರದು. ಆ ವೃತ್ತಿಯಲ್ಲಿ ಕನಿಷ್ಠ ಮೂರು ವರ್ಷಗಳ ಪೂರ್ಣಕಾಲಿಕ ಅನುಭವವಿರಬೇಕು. ಗೊತ್ತುಪಡಿಸಿದ ಸಂಸ್ಥೆಯಿಂದ ಕೌಶಲ ಮೌಲ್ಯಮಾಪನ ಆಗಿರಬೇಕು. ಇಂಗ್ಲಿಷಿನಲ್ಲಿ ಓದು, ಬರಹ, ಆಲಿಕೆ, ಮಾತು ನಾಲ್ಕರಲ್ಲಿಯೂ ಐಇಎಲ್‌ಟಿಎಸ್ ಪರೀಕ್ಷೆಯ 6 ಅಂಕಗಳ ಮಟ್ಟ ಅಥವಾ ಅದಕ್ಕೆ ಸಮಾನವಾದುದು ಬೇಕು. ದಾದಿಯರು ಇದರ ಮೇಲೆ ಅಲ್ಲಿಯ ವೃತ್ತಿಮಂಡಲಿಯಲ್ಲಿ ನೋಂದಣಿಯನ್ನೂ ಪಡೆಯತಕ್ಕದ್ದು.

ಈ ಸಾಮಾನ್ಯ ನಿಯಮಗಳಿಗೆ ಕೆಲವು ಪ್ರದೇಶಗಳಲ್ಲಿ ಸಡಿಲಿಕೆ ಇದೆ. ಕೇಂದ್ರ ಸರ್ಕಾರವು ಆಯಾ ಪ್ರದೇಶದ ಪ್ರತಿನಿಧಿ ಸಂಸ್ಥೆಯೊಡನೆ ಮಾಡಿಕೊಳ್ಳುವ ವಿಶೇಷ ವಲಸೆ ಒಡಂಬಡಿಕೆಯ ಅಡಿಯಲ್ಲಿ ವಯಸ್ಸು, ಇಂಗ್ಲಿಷು, ವೇತನಗಳ ವಿಷಯದಲ್ಲಿ ಮಿತವಾದ ವಿನಾಯಿತಿ ದೊರೆಯುತ್ತದೆ. ಸಾಮಾನ್ಯ ಪಟ್ಟಿಯಲ್ಲಿಲ್ಲದ ವೃತ್ತಿಗಳೂ ಸೇರುತ್ತವೆ. ಇಂತಹ ಮೊದಲ ಒಡಂಬಡಿಕೆ 2015ರಲ್ಲಿ ಉತ್ತರ ಪ್ರಾಂತ್ಯಕ್ಕೆ ಆಯಿತು. ವಾರ್ನಂಬೂಲ್ ಸುತ್ತಿನ ಪ್ರದೇಶ, ಕಾಲ್‌ಗೂರ್ಲಿಯ ಗಣಿಪ್ರದೇಶ, ಕೇರ್ನ್ಸ್ ಒಳಗೊಂಡ ದೂರ ಉತ್ತರ ಕ್ವೀನ್ಸ್‌ಲ್ಯಾಂಡ್ ಮುಂತಾದವು ಅನಂತರ ಸೇರಿದವು. ವಿನಾಯಿತಿ ಇರುವುದು ಪ್ರದೇಶಕ್ಕೂ ವೃತ್ತಿಗೂ ಕಟ್ಟುಬಿದ್ದು. ಒಂದು ಊರಿನ ವಿನಾಯಿತಿಯನ್ನು ಇನ್ನೊಂದು ಊರಿನ ಕೆಲಸಕ್ಕೆ ತೋರಿಸಿದರೆ ನಂಬಬಾರದು.

ಸಂಬಳದ ಲೆಕ್ಕ

ಪ್ರಾಯೋಜಿತ ಕರ್ಮಿಗೆ ಕೊಡಬೇಕಾದ ವೇತನಕ್ಕೆ ಎರಡು ಅಳತೆಗಳಿವೆ. ಅದೇ ಊರಿನಲ್ಲಿ ಅದೇ ಕೆಲಸ ಮಾಡುವ ಆಸ್ಟ್ರೇಲಿಯನ್ನನಿಗೆ ಸಲ್ಲುವ ಸಂಬಳಕ್ಕಿಂತ ಕಡಿಮೆಯಾಗಬಾರದು ಎಂಬುದು ಒಂದು. ಸರ್ಕಾರ ನಿಗದಿಪಡಿಸಿದ ಕನಿಷ್ಠ ವಾರ್ಷಿಕ ಮಿತಿಗಿಂತ ಕಡಿಮೆಯಾಗಬಾರದು ಎಂಬುದು ಇನ್ನೊಂದು. ಈ ಎರಡನೆಯ ಮಿತಿ 2013ರಿಂದ ಹತ್ತು ವರ್ಷಗಳ ಕಾಲ 53,900 ಡಾಲರಿನಲ್ಲಿಯೇ ನಿಂತಿತ್ತು. ಬೆಲೆಗಳು ಏರುತ್ತಿರುವಾಗ ಮಿತಿ ನಿಂತಲ್ಲೇ ನಿಂತರೆ ರಕ್ಷಣೆ ಹೆಸರಿಗೆ ಮಾತ್ರ ಉಳಿಯುತ್ತದೆ. 2023ರ ಜುಲೈ 1ರಂದು ಅದನ್ನು 70,000ಕ್ಕೂ, 2024ರ ಜುಲೈಯಲ್ಲಿ 73,150ಕ್ಕೂ, 2025ರ ಜುಲೈಯಲ್ಲಿ 76,515ಕ್ಕೂ ಏರಿಸಲಾಯಿತು. ಪ್ರತಿ ಜುಲೈಯಲ್ಲಿ ಪರಿಷ್ಕರಣೆಯಾಗುವುದರಿಂದ ನಾಮನಿರ್ದೇಶನದ ದಿನದಂದು ಇರುವ ಮೊತ್ತವನ್ನು ನೋಡಿಕೊಳ್ಳಬೇಕು.

76,515 ಡಾಲರನ್ನು 52 ವಾರಗಳಿಗೆ ಹಂಚಿದರೆ ವಾರಕ್ಕೆ ಸುಮಾರು 1,471 ಡಾಲರ್. ಇದು ತೆರಿಗೆ ಕಳೆಯುವ ಮುನ್ನಿನ ಮೊತ್ತ. ವಸತಿ, ಊಟಗಳಿಗೆ ಬೆಲೆ ಕಟ್ಟಿ ಅದನ್ನು ಈ ಮೊತ್ತದೊಳಗೆ ಸೇರಿಸುವಂತಿಲ್ಲ. ನಿವೃತ್ತಿ ನಿಧಿಯ ವಂತಿಗೆಯೂ ಇದರಿಂದ ಹೊರಗು. ಹೋಲಿಕೆಗೆ ಹೇಳುವುದಾದರೆ, 2025ರ ಜುಲೈಯಿಂದ ಅಲ್ಲಿಯ ರಾಷ್ಟ್ರೀಯ ಕನಿಷ್ಠ ಕೂಲಿ 38 ಗಂಟೆಗಳ ವಾರಕ್ಕೆ 948 ಡಾಲರ್ ಆಗಿತ್ತು. ಪ್ರಾಯೋಜಿತ ಕರ್ಮಿಯ ಮಿತಿಗೂ ಇದಕ್ಕೂ ನಡುವೆ ವಾರಕ್ಕೆ ಐನೂರಕ್ಕೂ ಹೆಚ್ಚು ಡಾಲರಿನ ಅಂತರವಿದೆ. ಮೋಸ ನುಸುಳುವುದು ಈ ಅಂತರದಲ್ಲಿಯೇ. ಬ್ಯಾಂಕಿನ ಖಾತೆಗೆ ಪೂರ್ಣ ಸಂಬಳ ಜಮೆಯಾಗುತ್ತದೆ. ಸಂಜೆ ಅದರಲ್ಲೊಂದು ಪಾಲನ್ನು ನಗದಾಗಿ ಹಿಂದಿರುಗಿಸುವಂತೆ ಹೇಳಲಾಗುತ್ತದೆ. ಅಥವಾ 38 ಗಂಟೆಯ ಸಂಬಳಕ್ಕೆ 60 ಗಂಟೆ ದುಡಿಸಿಕೊಳ್ಳಲಾಗುತ್ತದೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದುದರಿಂದ ಕರ್ಮಿಯು ತಾನು ದುಡಿದ ದಿನ, ಆರಂಭಿಸಿದ ಗಂಟೆ, ಬಿಟ್ಟ ಗಂಟೆ ಇವುಗಳನ್ನು ತನ್ನದೇ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಕನ್ನಡದಲ್ಲಿ ಬರೆದರೂ ಅಡ್ಡಿಯಿಲ್ಲ. ಸಂಬಳವಾದ ಒಂದು ಕೆಲಸದ ದಿನದೊಳಗೆ ವೇತನ ಚೀಟಿ ಕೊಡತಕ್ಕದ್ದೆಂದು ಅಲ್ಲಿಯ ಕಾನೂನು ವಿಧಿಸಿದೆ. ಚೀಟಿಯನ್ನು ಪಡೆದು ಜೋಪಾನವಾಗಿಡಬೇಕು.

ಯಾವುದಕ್ಕೆ ಹಣ ಕೊಡಬಹುದು, ಯಾವುದಕ್ಕೆ ಕೊಡಬಾರದು

ಕರ್ಮಿಯು ತನ್ನ ಕೈಯಿಂದ ಭರಿಸಬಹುದಾದ ವೆಚ್ಚಗಳು ಕೆಲವಿವೆ: ತನ್ನ ವೀಸಾ ಅರ್ಜಿಯ ಶುಲ್ಕ, ಇಂಗ್ಲಿಷ್ ಪರೀಕ್ಷೆಯ ಶುಲ್ಕ, ಕೌಶಲ ಮೌಲ್ಯಮಾಪನದ ಶುಲ್ಕ, ವೈದ್ಯಕೀಯ ತಪಾಸಣೆ, ತನ್ನ ಪರವಾಗಿ ತಾನೇ ನೇಮಿಸಿಕೊಂಡ ವಲಸೆ ಸಲಹೆಗಾರನ ಶುಲ್ಕ. ಇವಕ್ಕೆಲ್ಲ ರಸೀದಿಗಳಿರುತ್ತವೆ.

ಪ್ರಾಯೋಜಕ ಮಾನ್ಯತೆಯ ಖರ್ಚು, ನಾಮನಿರ್ದೇಶನದ ಖರ್ಚು, ಆಯ್ಕೆಯ ಖರ್ಚು ಉದ್ಯೋಗದಾತನವು. ಸ್ಥಳೀಯರ ತರಬೇತಿಗೆಂದು ಸರ್ಕಾರ ವಸೂಲು ಮಾಡುವ ಒಂದು ಸುಂಕವೂ ಅವನದೇ. 494ರ ನಾಮನಿರ್ದೇಶನಕ್ಕೆ ಈ ಸುಂಕವನ್ನು, ವಾರ್ಷಿಕ ವಹಿವಾಟು 1 ಕೋಟಿ ಡಾಲರಿಗಿಂತ ಕಡಿಮೆಯಿರುವ ಸಂಸ್ಥೆಗೆ 3,000 ಡಾಲರ್, ಅದಕ್ಕಿಂತ ದೊಡ್ಡದಕ್ಕೆ 5,000 ಡಾಲರ್ ಎಂದು 2018ರಲ್ಲಿ ಜಾರಿಗೆ ಬಂದ ವ್ಯವಸ್ಥೆ ಗೊತ್ತುಮಾಡಿತು. ಇದನ್ನು ಕರ್ಮಿಯಿಂದ ನೇರವಾಗಿಯಾಗಲಿ, ಸಂಬಳದಲ್ಲಿ ಕಡಿತ ಮಾಡಿಯಾಗಲಿ ವಸೂಲು ಮಾಡತಕ್ಕದ್ದಲ್ಲ. ಇದಲ್ಲದೆ ಪ್ರಾಯೋಜಕತ್ವಕ್ಕೆ ಪ್ರತಿಫಲವಾಗಿ ಹಣ, ಬಿಟ್ಟಿ ದುಡಿಮೆ, ಉಡುಗೊರೆ ಅಥವಾ ಬೇರಾವುದೇ ಲಾಭ ಕೇಳಿ ಪಡೆಯುವುದನ್ನು 2015ರ ಡಿಸೆಂಬರ್ 14ರಿಂದ ಜಾರಿಯಲ್ಲಿರುವ ತಿದ್ದುಪಡಿ ದಂಡನೀಯ ಅಪರಾಧವನ್ನಾಗಿ ಮಾಡಿದೆ. ಕೊಡುವವನಿಗೂ ವಿನಾಯಿತಿಯಿಲ್ಲವೆಂದು ಮೊದಲೇ ಹೇಳಿದೆವು. ಹತ್ತು ಲಕ್ಷ ರೂಪಾಯಿ ಕೊಟ್ಟು ಪಡೆದ ಪ್ರಾಯೋಜಕತ್ವ ಗಟ್ಟಿಯಾದುದೆಂದು ಭಾವಿಸುವವರು ಇದನ್ನು ಗಮನಿಸಬೇಕು: ಕೊಟ್ಟ ಹಣವೇ ಆ ವೀಸಾದ ದೌರ್ಬಲ್ಯವಾಗುತ್ತದೆ. ಕೊಟ್ಟದ್ದನ್ನು ಹೊರಗೆ ಹೇಳುವಂತಿಲ್ಲ, ಸಾಲ ತೀರುವವರೆಗೆ ಕೆಲಸ ಬಿಡುವಂತಿಲ್ಲ. ಉದ್ಯೋಗದಾತನು ಏನು ಹೇಳಿದರೂ ಕೇಳಬೇಕಾಗುತ್ತದೆ.

ಭಾರತದ ಕಾನೂನಿನ ವ್ಯಾಪ್ತಿ

ನಮ್ಮ ದೇಶದಲ್ಲಿ 1983ರ ವಲಸೆ ಅಧಿನಿಯಮದ ಪ್ರಕಾರ ವಿದೇಶಿ ಉದ್ಯೋಗಕ್ಕೆ ಜನರನ್ನು ಆಯ್ಕೆ ಮಾಡಿ ಕಳುಹಿಸುವ ಏಜೆಂಟನು ವಲಸಿಗರ ಮಹಾಸಂರಕ್ಷಣಾಧಿಕಾರಿಯವರಲ್ಲಿ ನೋಂದಣಿ ಪಡೆದಿರಬೇಕು. ಹೋಟೆಲು, ಉಪಾಹಾರ ಗೃಹಗಳ ಕೆಲಸವೂ ದಾದಿಯರ ಕೆಲಸವೂ ಈ ಅಧಿನಿಯಮದ ವ್ಯಾಖ್ಯೆಯೊಳಗೆ ಬರುತ್ತವೆ. ನೋಂದಣಿಯಿಲ್ಲದೆ ಈ ವ್ಯವಹಾರ ನಡೆಸಿದವನಿಗೆ ಎರಡು ವರ್ಷಗಳವರೆಗೆ ಕಾರಾಗೃಹವಾಸವನ್ನು ಅದು ವಿಧಿಸಿತು. ನೋಂದಾಯಿತ ಏಜೆಂಟನು ಕರ್ಮಿಯಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ ನಿಯಮಗಳು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿಯನ್ನು ಗೊತ್ತುಪಡಿಸಿವೆ. ಈ ಅಧಿನಿಯಮದ ಸ್ಥಾನದಲ್ಲಿ ತರಬೇಕಾದ ಹೊಸ ವಿಧೇಯಕದ ಕರಡನ್ನು ವಿದೇಶಾಂಗ ಸಚಿವಾಲಯವು 2025ರ ಅಕ್ಟೋಬರಿನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಹತ್ತನೆಯ ತರಗತಿ ತೇರ್ಗಡೆಯಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಅಧಿಸೂಚಿತವಾದ 18 ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ಅನುಮತಿ ಪಡೆಯಬೇಕು. ಆ ಸಂದರ್ಭದಲ್ಲಿ ಅವರ ಉದ್ಯೋಗ ಕರಾರನ್ನು ಸಂರಕ್ಷಣಾಧಿಕಾರಿಯ ಕಚೇರಿ ಒಮ್ಮೆ ನೋಡುತ್ತದೆ. ಆಸ್ಟ್ರೇಲಿಯ ಈ ಪಟ್ಟಿಯಲ್ಲಿಲ್ಲ. ಅನುಮತಿ ಬೇಡವೆಂಬುದು ಅನುಕೂಲದಂತೆ ಕಂಡರೂ, ಹೊರಡುವ ಮುನ್ನ ಕರಾರನ್ನು ಯಾವ ಅಧಿಕಾರಿಯೂ ಪರಿಶೀಲಿಸುವುದಿಲ್ಲವೆಂಬುದು ಅದರ ಇನ್ನೊಂದು ಮುಖ. ಪರಿಶೀಲನೆಯ ಭಾರ ಪೂರ್ತಿಯಾಗಿ ಹೋಗುವವನ ಮೇಲೆಯೇ ಬೀಳುತ್ತದೆ.

ಪರಿಶೀಲನೆಗೆ ಸಾಧನಗಳಿಲ್ಲದೆ ಇಲ್ಲ. ಏಜೆಂಟನ ನೋಂದಣಿಯನ್ನು ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಬಹುದು. ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಎಂಬ ಫಲಕ ಹೊತ್ತ ಸಂರಕ್ಷಣಾಧಿಕಾರಿಗಳ ಕಚೇರಿಗಳಿದ್ದು ಅಲ್ಲಿಯೂ ವಿಚಾರಿಸಬಹುದು. ಪುಣೆಯವರಿಗೆ ಮುಂಬಯಿ ಸಮೀಪ. ವೀಸಾ ಸಲಹಾ ಸಂಸ್ಥೆ ಎಂಬ ಫಲಕ ಈ ನೋಂದಣಿಗೆ ಸಮಾನವಲ್ಲ. ಆಸ್ಟ್ರೇಲಿಯದೊಳಗೆ ವಲಸೆ ಸಲಹೆ ನೀಡುವವರು ವಕೀಲರಲ್ಲದಿದ್ದರೆ ಅಲ್ಲಿಯ ವಲಸೆ ಏಜೆಂಟರ ಪ್ರಾಧಿಕಾರದಲ್ಲಿ ನೋಂದಾಯಿಸಿರಬೇಕು. ಆ ಪಟ್ಟಿ ಬಹಿರಂಗವಾಗಿದೆ. ಭಾರತದಲ್ಲಿ ಕುಳಿತು ಸಲಹೆ ನೀಡುವವರಿಗೆ ಆ ನೋಂದಣಿಯ ಕಡ್ಡಾಯವಿಲ್ಲ, ಆದುದರಿಂದ ಅವರ ಮೇಲೆ ಆ ಪ್ರಾಧಿಕಾರದ ಅಂಕೆಯೂ ಇಲ್ಲ. ಉದ್ಯೋಗದಾತ ಸಂಸ್ಥೆ ನಿಜವಾಗಿಯೂ ಇದೆಯೇ ಎಂಬುದನ್ನು ಅದರ ವ್ಯವಹಾರ ಸಂಖ್ಯೆಯಿಂದ ಆಸ್ಟ್ರೇಲಿಯ ಸರ್ಕಾರದ ನೋಂದಣಿ ಪಟ್ಟಿಯಲ್ಲಿ ಉಚಿತವಾಗಿ ತಿಳಿಯಬಹುದು. ಮಂಜೂರಾದ ವೀಸಾದ ಷರತ್ತುಗಳನ್ನು ವೀವೋ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಸ್ವತಃ ಓದಿಕೊಳ್ಳಬಹುದು. ಬೇರೆಯವರು ತೋರಿಸಿದ ಪ್ರತಿಯನ್ನು ನಂಬಿ ಕೂರುವುದು ಬೇಡ.

ಅನುಭವಕ್ಕೆ ದಾಖಲೆ

ಅರ್ಹತೆಯಿದ್ದೂ ನಮ್ಮವರು ಹಿಂದೆ ಬೀಳುವುದು ಹೆಚ್ಚಾಗಿ ದಾಖಲೆಯ ವಿಷಯದಲ್ಲಿ. ಹದಿನೈದು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತು ಪಳಗಿದ ಅಡುಗೆಯವನಲ್ಲಿ ಅದನ್ನು ಹೇಳುವ ಒಂದು ಚೀಟಿಯೂ ಇರುವುದಿಲ್ಲ. ಸಂಬಳ ಕೈಗೆ ಬಂದಿರುತ್ತದೆ, ನೇಮಕಾತಿ ಪತ್ರವಿರುವುದಿಲ್ಲ, ಮಾಲೀಕರು ಬದಲಾಗಿರುತ್ತಾರೆ. ಕೌಶಲ ಮೌಲ್ಯಮಾಪನ ಮಾಡುವ ಸಂಸ್ಥೆಗೆ ಕೈಯ ರುಚಿ ಮೊದಲು ತಿಳಿಯುವುದಿಲ್ಲ, ಕಾಗದವೇ ತಿಳಿಯುವುದು. ಹೊರಡುವ ಯೋಚನೆಯುಳ್ಳವರು ಇಂದಿನಿಂದಲೇ ಸಂಬಳವನ್ನು ಬ್ಯಾಂಕಿನ ಮೂಲಕ ಪಡೆಯುವ ಏರ್ಪಾಡು ಮಾಡಿಕೊಳ್ಳಬೇಕು. ಭವಿಷ್ಯನಿಧಿಯ ಖಾತೆಯಿದ್ದರೆ ಅದರ ವಿವರ, ಇಎಸ್‌ಐ ಚೀಟಿ, ಮಾಡಿದ ಕೆಲಸದ ಸ್ವರೂಪವನ್ನೂ ಅವಧಿಯನ್ನೂ ವಾರದ ಗಂಟೆಗಳನ್ನೂ ತಿಳಿಸುವ ಅನುಭವ ಪತ್ರ, ಐಟಿಐ ಅಥವಾ ಹೋಟೆಲ್ ನಿರ್ವಹಣೆಯ ಪ್ರಮಾಣಪತ್ರ ಇವೆಲ್ಲವನ್ನೂ ಕೂಡಿಡಬೇಕು. ಹೆಸರಿನ ಕಾಗುಣಿತ ಎಲ್ಲದರಲ್ಲಿಯೂ ಒಂದೇ ಆಗಿರಲಿ. ತಂದೆಯ ಹೆಸರು, ಊರಿನ ಹೆಸರು, ಮನೆತನದ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಕ್ರಮದಲ್ಲಿರುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿಯ ಅಧಿಕಾರಿಗೆ ಅವು ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ಕಂಡಾವು. ಇಲ್ಲದ ಅನುಭವಕ್ಕೆ ಸುಳ್ಳು ಪತ್ರ ಮಾಡಿಸುವುದಂತೂ ಕೂಡದು. ಅದು ಬಯಲಾದರೆ ಈ ಅರ್ಜಿ ಹೋಗುವುದಲ್ಲದೆ ಮುಂದಿನ ವರ್ಷಗಳ ಅರ್ಜಿಗಳಿಗೂ ತಡೆ ಬೀಳುತ್ತದೆ.

ಕೆಲಸ ತಪ್ಪಿದಾಗ

494 ವೀಸಾದ ಅವಧಿ ಐದು ವರ್ಷ. ಅಲ್ಲಿ ತಲುಪಿದ 90 ದಿನಗಳೊಳಗೆ, ಅಲ್ಲಿಯೇ ಇದ್ದು ಪಡೆದವರು ಮಂಜೂರಾದ 90 ದಿನಗಳೊಳಗೆ ಕೆಲಸಕ್ಕೆ ಸೇರಬೇಕು. ಕನಿಷ್ಠ ಮೂರು ವರ್ಷ ವೀಸಾ ಹೊಂದಿ, ಷರತ್ತುಗಳನ್ನು ಪಾಲಿಸಿ, ಮೂರು ವರ್ಷಗಳ ಆದಾಯ ತೆರಿಗೆ ನಿರ್ಧಾರಣೆಯ ಪತ್ರಗಳನ್ನು ಒದಗಿಸಿದವರು 191 ಎಂಬ ಕಾಯಂ ವೀಸಾಕ್ಕೆ ಅರ್ಜಿ ಹಾಕಬಹುದು. 2022ರ ನವೆಂಬರ್ 16ರಂದು ತೆರೆದ ಈ ವೀಸಾಕ್ಕೆ ಉದ್ಯೋಗದಾತನ ಹೊಸ ನಾಮನಿರ್ದೇಶನ ಬೇಕಾಗಿಲ್ಲ. "ನಾನು ಸಹಿ ಹಾಕದಿದ್ದರೆ ನಿನಗೆ ಕಾಯಂ ಆಗದು" ಎಂದು ಬೆದರಿಸುವವನ ಮಾತಿಗೆ ಹೆದರಬೇಕಾಗಿಲ್ಲ. ಮೂರು ವರ್ಷ ತುಂಬುವ ಮೊದಲು ನಗರಗಳಿಗೆ ಮುಕ್ತವಾದ ಇತರ ಕುಶಲ ವೀಸಾಗಳಿಗೆ ಹಾರುವುದು ಮಾತ್ರ ಸಾಮಾನ್ಯವಾಗಿ ಸಾಧ್ಯವಿಲ್ಲ.

ನಡುವೆ ಕೆಲಸ ಹೋದರೆ ಏನು ಗತಿ? ಪ್ರಾಯೋಜಕನ ಮೇಲಿನ ಅವಲಂಬನೆಯೇ ಕರ್ಮಿಯನ್ನು ದುರ್ಬಲಗೊಳಿಸುತ್ತದೆಂದು ಬಾರ್ಬರಾ ಡೀಗನ್ ಅವರ 2008ರ ವಿಮರ್ಶಾ ವರದಿ, ಅಂದಿನ 457 ಎಂಬ ತಾತ್ಕಾಲಿಕ ವೀಸಾದ ವಿಷಯದಲ್ಲಿ ತೋರಿಸಿತ್ತು. ಅಲನ್ ಫೆಲ್ಸ್ ಅಧ್ಯಕ್ಷತೆಯ ವಲಸೆ ಕಾರ್ಮಿಕರ ಕಾರ್ಯಪಡೆಯು 2019ರಲ್ಲಿ ಇನ್ನೂ ವಿಸ್ತಾರವಾಗಿ ಶೋಷಣೆಯ ವಿಷಯವನ್ನು ಎತ್ತಿತು. ಆದರೂ ನಿಯಮ ಗಣನೀಯವಾಗಿ ಸಡಿಲವಾದುದು 2024ರ ಜುಲೈ 1ರಂದು. ಅದಕ್ಕೆ ಮುಂಚೆ 494ರ ಕರ್ಮಿಗೆ ಹೊಸ ಪ್ರಾಯೋಜಕನನ್ನು ಹುಡುಕಲು 90 ದಿನಗಳಿದ್ದವು. ಈಗ ಒಂದು ಸಲಕ್ಕೆ 180 ದಿನಗಳು, ವೀಸಾದ ಒಟ್ಟು ಅವಧಿಯಲ್ಲಿ 365 ದಿನಗಳು ದೊರೆಯುತ್ತವೆ. ಆ ಅವಧಿಯಲ್ಲಿ ಬೇರೆ ಉದ್ಯೋಗದಾತನ ಬಳಿ, ಬೇರೆ ವೃತ್ತಿಯಲ್ಲಿಯೂ ದುಡಿಯಲು ಅವಕಾಶವಿದೆ. ಪ್ರಾದೇಶಿಕ ಷರತ್ತು ಮಾತ್ರ ಆಗಲೂ ಬಿಡುವುದಿಲ್ಲ. ಹೊಸ ಉದ್ಯೋಗದಾತನ ನಾಮನಿರ್ದೇಶನ ಮಂಜೂರಾಗುವವರೆಗೆ ಈ ದಿನಗಳ ಲೆಕ್ಕ ನಡೆಯುತ್ತಲೇ ಇರುತ್ತದೆಯಾದ್ದರಿಂದ ಕೆಲಸ ಬಿಟ್ಟ ದಿನಾಂಕವನ್ನು ಲಿಖಿತವಾಗಿ ಪಡೆದುಕೊಳ್ಳುವುದು ಮುಖ್ಯ. ವಲಸೆ ಸ್ಥಿತಿಯನ್ನು ಮುಂದುಮಾಡಿ ಕರ್ಮಿಯನ್ನು ಬಲವಂತಪಡಿಸುವುದನ್ನೂ ಅದೇ ದಿನದಿಂದ ಅಪರಾಧವನ್ನಾಗಿ ಮಾಡಲಾಗಿದೆ.

ಸಂಬಳ ಬಾಕಿ, ಹೆಚ್ಚುವರಿ ದುಡಿಮೆ, ನಗದು ವಾಪಸಾತಿ ಇವುಗಳ ಬಗ್ಗೆ ಫೇರ್ ವರ್ಕ್ ಓಂಬುಡ್ಸ್‌ಮನ್ ಎಂಬ ಸರ್ಕಾರಿ ಸಂಸ್ಥೆಗೆ ದೂರು ನೀಡಬಹುದು. ಅಲ್ಲಿಯ ವೇತನದ ಕಾನೂನು ವಲಸಿಗನಿಗೂ ನಾಗರಿಕನಿಗೂ ಒಂದೇ. ಪಾಸ್‌ಪೋರ್ಟನ್ನು ಉದ್ಯೋಗದಾತನ ವಶಕ್ಕೆ ಕೊಡಬಾರದು. ಸಂಕಟದ ಸಮಯದಲ್ಲಿ ಕ್ಯಾನ್‌ಬೆರಾದ ಭಾರತೀಯ ಹೈಕಮಿಷನ್ನನ್ನೂ, ಸಿಡ್ನಿ, ಮೆಲ್ಬರ್ನ್, ಪರ್ತ್, ಬ್ರಿಸ್ಬೇನ್‌ಗಳ ಕಾನ್ಸುಲೇಟುಗಳನ್ನೂ ಸಂಪರ್ಕಿಸಬಹುದು. ವಿದೇಶಾಂಗ ಸಚಿವಾಲಯವು 2015ರಲ್ಲಿ ಆರಂಭಿಸಿದ ಮದದ್ ಎಂಬ ದೂರು ವ್ಯವಸ್ಥೆಯಲ್ಲಿ ಇಲ್ಲಿರುವ ಮನೆಯವರೂ ಅವರ ಪರವಾಗಿ ದೂರು ದಾಖಲಿಸಬಹುದು. ಅದಕ್ಕಾಗಿ ವೀಸಾ ಮಂಜೂರಾತಿ ಪತ್ರ, ಉದ್ಯೋಗ ಕರಾರು, ಪಾಸ್‌ಪೋರ್ಟ್ ಇವುಗಳ ಒಂದೊಂದು ಪ್ರತಿ ಹೊರಡುವ ಮುನ್ನವೇ ಮನೆಯಲ್ಲಿರಬೇಕು.

ಕಾಯಂ ವಾಸ ಬೇಡವೆಂದು ಅಥವಾ ದೊರೆಯದೆ ಹಿಂದಿರುಗುವವರು ಮರೆಯಬಾರದ ಇನ್ನೊಂದು ಬಾಬಿದೆ. ಉದ್ಯೋಗದಾತನು ಸಂಬಳದ ಮೇಲೆ ಪ್ರತ್ಯೇಕವಾಗಿ ನಿವೃತ್ತಿ ನಿಧಿಗೆ ವಂತಿಗೆ ಕಟ್ಟತಕ್ಕದ್ದು. 2025ರ ಜುಲೈಯಿಂದ ಅದರ ದರ ಶೇಕಡಾ 12. ತಾತ್ಕಾಲಿಕ ವೀಸಾದ ಕರ್ಮಿಯು ದೇಶ ಬಿಟ್ಟು, ವೀಸಾ ಮುಗಿದ ಅಥವಾ ರದ್ದಾದ ನಂತರ ಈ ಹಣಕ್ಕೆ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಶೇಕಡಾ 35ರಷ್ಟು ತೆರಿಗೆ ಕಳೆದು ಉಳಿದುದು ಕೈಗೆ ಬರುತ್ತದೆ. ನಿಧಿಯ ಹೆಸರು, ಸದಸ್ಯತ್ವ ಸಂಖ್ಯೆ, ತೆರಿಗೆ ಸಂಖ್ಯೆ ಇವುಗಳನ್ನು ಅಲ್ಲಿಂದ ಹೊರಡುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಊರಿಗೆ ಬಂದ ಮೇಲೆ ಹಳೆಯ ಉದ್ಯೋಗದಾತನನ್ನು ದೂರವಾಣಿಯಲ್ಲಿ ಹಿಡಿದು ಇವನ್ನು ಕೇಳಿ ಪಡೆಯುವುದು ಸುಲಭವಲ್ಲ.